ಗಣ್ಯರ ಸಾಲಿನಿಂದ ನನ್ನ ಅಣ್ಣನ ಮುಖ ಇಳಿಸಿ

ದಿನಾಂಕ 14 ಸೆಪ್ಟೆಂಬರ್ 2025, ಭಾನುವಾರ. ಶಿರಗುಪ್ಪಿ, ಕಾಗವಾಡ ತಾಲ್ಲೂಕು. ಚಾತುರ್ಮಾಸ ನಡೆದಿದೆ. ಕ್ಷಮಾವಳಿ ಕಳೆದು ವಾರವಾಯಿತು. ನಮ್ಮ ತಾಯಿ ಒಳಗೆ ಮಲಗಿದ್ದಾಳೆ. ಜ್ವರ ಇಳಿದಿದೆ.

ಕೃಷ್ಣಾತೀರ ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳೇ,

ನಿಮ್ಮ ಗಣ್ಯ ಹಳೆಯ ವಿದ್ಯಾರ್ಥಿಗಳ ಸಾಲಿನಿಂದ ನನ್ನ ಅಣ್ಣನ ಫೋಟೋ ತೆಗೆಸಿ. ನಾನು ಹೇಳಬೇಕಾದದ್ದು ಇಷ್ಟೇ. ಮುಂದೆ ಬರೆಯುವುದೆಲ್ಲ ಯಾಕೆ ಅನ್ನುವುದರ ವಿವರ. ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಆ ಸಾಲಿಗೆ ಸೇರಿಸಿ ಎಂದು ನಿಮ್ಮ ಕಚೇರಿಗೆ ದಿನವೂ ಎಷ್ಟು ಶಿಫಾರಸುಗಳು ಬರುತ್ತವೆಂದು ಊಹಿಸಬಲ್ಲೆ. ತೆಗೆಯಿರಿ ಎಂದು ಕೇಳಿದವರು ಬಹುಶಃ ನಾವೇ ಮೊದಲಿಗರು. ಹಾಗಾಗಿ ಅದಕ್ಕೆ ನಿಮ್ಮಲ್ಲಿ ನಿಯಮವೇ ಇಲ್ಲ ಎಂದು ನಿಮ್ಮ ಸಿಬ್ಬಂದಿ ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಮಾನ ಕೊಡುವುದಕ್ಕೆ ನಿಯಮವಿದೆ, ಕೊಟ್ಟ ಮಾನವನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಿಲ್ಲ. ನಮ್ಮ ಕಡೆ ಮದುವೆಯಲ್ಲಿ ಆಹೇರಿ ಎಂದು ಉಡುಗೊರೆ ಕೊಟ್ಟ ಸೀರೆಗೂ ಇದೇ ನಿಯಮ.

ಅಣ್ಣ ಶ್ರೇಣಿಕ ನಿಮ್ಮಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿ ಚಿನ್ನದ ಪದಕ ಪಡೆದವನು. ಆ ವರ್ಷದ ಘಟಿಕೋತ್ಸವದಲ್ಲಿ ಮುಖ್ಯ ಅತಿಥಿಗಳಿಗೆ ವಿಮಾನದ ಹೊತ್ತಾಯಿತೆಂದು ಗಣಿತ ವಿಭಾಗದವರನ್ನು ವೇದಿಕೆಗೆ ಕರೆಯಲಿಲ್ಲ. ಪದಕವನ್ನು ಅವನು ಆಮೇಲೆ ಕಚೇರಿಯ ಕಿಟಕಿಯಲ್ಲಿ ಸಹಿ ಮಾಡಿ ತೆಗೆದುಕೊಂಡ. ಕೆಲವು ವರ್ಷ ಚಿಕ್ಕೋಡಿಯ ಕಾಲೇಜೊಂದರಲ್ಲಿ ಪಾಠ ಹೇಳಿದ. ಆಮೇಲೆ ಮನೆ, ನೌಕರಿ, ಬಟ್ಟೆ, ಹೆಸರು ಎಲ್ಲವನ್ನೂ ಬಿಟ್ಟು ದಿಗಂಬರ ಮುನಿದೀಕ್ಷೆ ತೆಗೆದುಕೊಂಡ. ದೀಕ್ಷೆಯ ನಂತರ ಅವರಿಗೆ ಬೇರೆ ಹೆಸರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ನಿಮ್ಮ ವಿದ್ಯಾರ್ಥಿಯ ಹೆಸರಲ್ಲ. ಈ ಪತ್ರದಲ್ಲಿ ದೀಕ್ಷೆಗೆ ಮುಂಚಿನ ಮಾತಿಗೆ ‘ಅವನು’ ಎಂದೂ ನಂತರದ ಮಾತಿಗೆ ‘ಅವರು’, ‘ಮಹಾರಾಜರು’ ಎಂದೂ ಬರೆಯುತ್ತೇನೆ. ಎರಡೂ ಒಬ್ಬರೇ ಅಲ್ಲವೇ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳದೆ ಇರುವುದನ್ನು ನಾವು ಬಹಳ ಕಷ್ಟಪಟ್ಟು ಕಲಿತಿದ್ದೇವೆ.

ನಾನು ಹೆಚ್ಚಾಗಿ ಅನುವಾದದ ಕಾದಂಬರಿಗಳನ್ನು ಓದುವವಳು. ದೂರದೇಶದ ದಪ್ಪ ಕಾದಂಬರಿಗಳಲ್ಲಿ ಒಬ್ಬನಿಗೇ ಮೂರು ಮೂರು ಹೆಸರಿರುತ್ತವೆ. ತಾಯಿ ಕರೆಯುವುದೊಂದು, ಕಚೇರಿಯವರು ಕರೆಯುವುದೊಂದು, ಸೈನ್ಯದ ದಫ್ತರದಲ್ಲಿ ಇರುವುದು ಇನ್ನೊಂದು. ಓದುಗರಿಗೆ ಗೊಂದಲವಾಗಬಾರದೆಂದು ಒಳ್ಳೆಯ ಅನುವಾದಕರು ಮೊದಲಲ್ಲೇ ಪಾತ್ರಗಳ ಹೆಸರುಗಳನ್ನು ಕೊಟ್ಟಿರುತ್ತಾರೆ. ಆದರೆ ಒಳ್ಳೆಯ ಅನುವಾದಕರು ಯಾರೂ ಮೂರನ್ನೂ ಒಂದು ಮಾಡಿ ಓದುಗರಿಗೆ ಸುಲಭ ಮಾಡಿಕೊಡುವುದಿಲ್ಲ. ಯಾರು ಯಾವ ಹೆಸರಿನಿಂದ ಕರೆಯುತ್ತಾರೆ ಅನ್ನುವುದರಲ್ಲೇ ಕಥೆ ಇರುತ್ತದೆಂದು ಅವರಿಗೆ ಗೊತ್ತು. ನಿಮ್ಮ ಫ್ಲೆಕ್ಸಿನಲ್ಲಿ ಅಣ್ಣನ ಹಳೆಯ ಹೆಸರು ದಪ್ಪಕ್ಷರದಲ್ಲಿ ಇದೆ, ಅದರ ಕೆಳಗೆ ಕಂಸದೊಳಗೆ ಈಗಿನ ಹೆಸರು. ಒಬ್ಬ ಮನುಷ್ಯ ಪ್ರಾಣ ಒತ್ತೆಯಿಟ್ಟು ದಾಟಿದ ದೂರವನ್ನು ನೀವು ಒಂದು ಕಂಸದಲ್ಲಿ ಮುಗಿಸಿದ್ದೀರಿ.

ಆ ಫ್ಲೆಕ್ಸುಗಳು ಜುಲೈ ಕೊನೆಯಲ್ಲಿ ಬಂದವು. ಚಿಕ್ಕೋಡಿಯ ಬಸ್ ನಿಲ್ದಾಣದ ಎದುರು, ನಿಪ್ಪಾಣಿಯಲ್ಲಿ ಹೆದ್ದಾರಿಯ ಪಕ್ಕ, ರಾಯಬಾಗದ ಸ್ಟೇಷನ್ ರಸ್ತೆಯಲ್ಲಿ, ಅಥಣಿಯಲ್ಲಿ, ನಮ್ಮ ಕಾಗವಾಡದ ಸರ್ಕಲ್ಲಿನಲ್ಲಿ. ‘ನಮ್ಮ ನೆಲದ ಹೆಮ್ಮೆ, ನಮ್ಮ ವಿಶ್ವವಿದ್ಯಾಲಯದ ಗಣ್ಯರು.’ ರಾಜಕೀಯ ಕ್ಷೇತ್ರದವರು ಮೊದಲು, ಮುಖ ಎಲ್ಲರಿಗಿಂತ ದೊಡ್ಡದು. ಆಮೇಲೆ ಉದ್ಯಮ ಕ್ಷೇತ್ರ: ಬಿ.ಎ. ಎರಡನೆಯ ವರ್ಷಕ್ಕೇ ಬಿಟ್ಟು ಸಕ್ಕರೆ ಕಾರ್ಖಾನೆಯ ನಿರ್ದೇಶಕರಾದವರು. ಹಳೆಯ ವಿದ್ಯಾರ್ಥಿ ಅನ್ನಿಸಿಕೊಳ್ಳಲು ಪಾಸಾಗಬೇಕೆಂದೇನೂ ಇಲ್ಲ, ಬಿಟ್ಟುಹೋದರೆ ಸಾಕು ಎಂಬ ನಿಮ್ಮ ಔದಾರ್ಯವನ್ನು ಮೆಚ್ಚುತ್ತೇನೆ. ಆಮೇಲೆ ಒಬ್ಬ ಪೈಲ್ವಾನರು, ಧಾರಾವಾಹಿಯಲ್ಲಿ ಅತ್ತೆಯ ಪಾತ್ರ ಮಾಡುವ ಒಬ್ಬ ನಟಿ. ಕೊನೆಗೆ ‘ಧಾರ್ಮಿಕ ಕ್ಷೇತ್ರ’ ಎಂಬ ಚೌಕಟ್ಟಿನಲ್ಲಿ ನನ್ನ ಅಣ್ಣ, ಕರೀ ಗೌನು ಹಾಕಿಕೊಂಡು, ತುಂಬಿದ ಕೆನ್ನೆಯಲ್ಲಿ ನಗುತ್ತಾ. ಘಟಿಕೋತ್ಸವದ ದಿನ ಕಿಟಕಿಯ ಹೊರಗೆ ನಿಂತಿದ್ದ ಹುಡುಗರ ಗುಂಪಿನ ಫೋಟೋದಿಂದ ಅದನ್ನು ಕತ್ತರಿಸಿದ್ದೀರಿ. ಹೆಗಲ ಮೇಲೆ ಗೆಳೆಯನ ಬೆರಳುಗಳು ಹಾಗೇ ಉಳಿದಿವೆ.

ಇಲ್ಲಿ ಒಂದು ಮಾತು ಕೇಳಬೇಕು. ನೀವು ಅವರನ್ನು ಗಣ್ಯರೆಂದದ್ದು ಪದಕಕ್ಕಾಗಿ ಅಲ್ಲ. ಪದಕ ಪಡೆದ ಇನ್ನೂ ನೂರಾರು ಜನ ಬೇರೆ ಬೇರೆ ಊರುಗಳಲ್ಲಿ ಟ್ಯೂಷನ್ ಹೇಳುತ್ತಿದ್ದಾರೆ. ಗಣ್ಯರೆಂದದ್ದು ತ್ಯಾಗಕ್ಕಾಗಿ. ಆದರೆ ಆ ತ್ಯಾಗದ ರೂಪ ಬಸ್ ನಿಲ್ದಾಣದ ಎದುರು ನಟಿಯ ಪಕ್ಕದಲ್ಲಿ ಹಾಕಲು ಸರಿಹೋಗಲಿಲ್ಲ. ಆದ್ದರಿಂದ ಗೌನು ತೊಡಿಸಿದಿರಿ. ನಿಮಗೆ ತ್ಯಾಗ ಬೇಕು, ಆದರೆ ಇಸ್ತ್ರಿ ಮಾಡಿದ್ದು ಬೇಕು. ಬಟ್ಟೆಯನ್ನೇ ಬಿಟ್ಟವರಿಗೆ ‘ಶಾಲು ಹೊದಿಸಿ ಸನ್ಮಾನಿಸಲಾಗುವುದು’ ಎಂದು ಆಮಂತ್ರಣದಲ್ಲಿ ಅಚ್ಚು ಹಾಕಿಸುವಾಗ ನಿಮ್ಮ ಇಷ್ಟೊಂದು ಪ್ರಾಧ್ಯಾಪಕರಲ್ಲಿ ಒಬ್ಬರಿಗೂ ಕೈ ತಡೆಯಲಿಲ್ಲವೇ?

ಫ್ಲೆಕ್ಸ್ ಬಂದ ಸುದ್ದಿ ನಮಗೆ ಮೊದಲು ಹೇಳಿದ್ದು ನಿಪ್ಪಾಣಿಯಲ್ಲಿರುವ ಚಿಕ್ಕಮ್ಮನ ಮಗಳು ಮನಿಷಾ. ಫೋನಿನಲ್ಲಿ ಅವಳ ಸಂಭ್ರಮ ಮರಾಠಿಯಲ್ಲೇ ಬಂತು. “ಅಗೋ, ಶ್ರೇಣಿಕಚಾ ಫೋಟೋ ಲಾಗ್ಲಾಯ!” ಶ್ರೇಣಿಕನ ಫೋಟೋ ಹಾಕಿದ್ದಾರೆ ಎಂದು. ಎಷ್ಟೋ ವರ್ಷಗಳ ನಂತರ ನಮ್ಮ ಮನೆಯೊಳಗೆ ಆ ಹೆಸರನ್ನು ಯಾರೋ ಗಟ್ಟಿಯಾಗಿ ಅಂದದ್ದು ಅದೇ ಮೊದಲು. ಫೋನು ಸ್ಪೀಕರಿನಲ್ಲಿತ್ತು. ಅವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಸಂಜೆಗೆ ಅಪ್ಪನ ತಮ್ಮ ಧರಣೇಂದ್ರ ಕಾಕಾ ಬಂದ. ಬಸದಿ ಕಮಿಟಿಯಲ್ಲಿರುವವನು, ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ.

“ವೈನೀ, ನಿಮ್ಮ ಮಗಾ ಮತ್ತ ಸಂಸಾರಕ್ಕ ಬಂದಾನ್ರಿ! ಕಾಗವಾಡ ಸರ್ಕಲ್‌ನಾಗ ಎಂ.ಎಲ್.ಎ. ಸಾಹೇಬ್ರ ಸಾಲಿನ್ಯಾಗ ನಿಂತಾನ.”

“ಯಾಂವ ಬಂದಾನ?”

“ನಿಮ್ಮ ಶ್ರೇಣಿಕರಿ. ಕರೀ ಕೋಟ ಹಾಕ್ಕೊಂಡಾನ. ವಕೀಲ ಆಗ್ಯಾನೋ ಏನೋ.”

ಅವ್ವ ನಗಲಿಲ್ಲ. “ಹಂಗ ಅನಬ್ಯಾಡ್ರಿ. ಮಹಾರಾಜ್ರ ಹೆಸರು ತಗೊಂಡು ಹಂಗ ಚೇಷ್ಟಾ ಮಾಡಬಾರ್ದು” ಅಂದಳು. ಕಾಕಾ ಕಿವಿ ಹಿಡಿದುಕೊಂಡ.

ಅವಳು ಯಾಕೆ ಹಾಗೆ ಅಂದಳೆಂದು ತಿಳಿಯಬೇಕಾದರೆ ನಮ್ಮ ಮುನಿಗಳ ಆಹಾರದ ಕ್ರಮ ನಿಮಗೆ ಗೊತ್ತಿರಬೇಕು. ಮುನಿಗಳು ದಿನಕ್ಕೆ ಒಂದೇ ಸಲ ಆಹಾರ ತೆಗೆದುಕೊಳ್ಳುತ್ತಾರೆ. ನಿಂತುಕೊಂಡೇ, ಜೋಡಿಸಿದ ಅಂಗೈಯಲ್ಲೇ. ನೀರೂ ಆಗಲೇ. ಶ್ರಾವಕರು, ಅಂದರೆ ನಮ್ಮಂಥ ಗೃಹಸ್ಥರು, ಒಂದೊಂದೇ ತುತ್ತು ಅವರ ಕೈಗೆ ಇಡುತ್ತಾರೆ. ನಡುವೆ ತುತ್ತಿನಲ್ಲಿ ಒಂದು ಕೂದಲು ಕಂಡರೆ, ಯಾರಾದರೂ ದುಃಖದಿಂದ ಅತ್ತದ್ದು ಕಂಡರೆ, ಅದು ಅಂತರಾಯ. ಆ ಕ್ಷಣಕ್ಕೆ ಅವರು ಅಂಗೈ ಬಿಡಿಸುತ್ತಾರೆ. ಮುಗಿಯಿತು. ಮತ್ತೆ ಅನ್ನ, ನೀರು ಎರಡೂ ಮರುದಿನವೇ. ಇದರಲ್ಲಿ ರಿಯಾಯಿತಿ ಇಲ್ಲ. ಅಳುವುದು ಹೆತ್ತ ತಾಯಿಯೇ ಆದರೂ ಇಲ್ಲ.

ದೀಕ್ಷೆಯಾದ ಮೊದಲ ಬೇಸಿಗೆಯಲ್ಲಿ ಮಹಾರಾಜರು ಸಂಘದ ಜೊತೆ ತೆಲಸಂಗದ ಕಡೆ ಕಾಲ್ನಡಿಗೆಯಲ್ಲಿ ವಿಹಾರ ಬಂದಿದ್ದರು. ಅವ್ವ ಅಲ್ಲಿಗೆ ಹೋಗಿ ಚೌಕ ಹಾಕಿದಳು, ಅಂದರೆ ಮುನಿಗಳ ಆಹಾರಕ್ಕೆಂದೇ ಮಡಿಯಲ್ಲಿ ಅಡುಗೆ ಹೂಡಿದಳು. ಆಹಾರ ನಮ್ಮ ಚೌಕದಲ್ಲೇ ಆಯಿತು. ಅವಳು ಮೊದಲ ತುತ್ತು ಇಟ್ಟು ತಲೆ ಎತ್ತಿದಳು. ಕೈಯಿಂದಲೇ ಕೂದಲು ಕಿತ್ತು ಲೋಚ ಮಾಡಿದ ತಲೆ, ಒಣಗಿದ ತುಟಿ. ಕಣ್ಣು ತುಂಬಿ ಬಂತು. ಅವರು ಅಂಗೈ ಬಿಟ್ಟರು. ತೆಲಸಂಗದ ಬಿಸಿಲು ನಿಮಗೆ ಗೊತ್ತಿಲ್ಲದಿದ್ದರೆ ನಿಮ್ಮ ಭೂಗೋಳ ವಿಭಾಗದವರನ್ನು ಕೇಳಿ. ಆ ಬಿಸಿಲಿನಲ್ಲಿ ಅವರು ಒಂದು ಹನಿ ನೀರಿಲ್ಲದೆ ಮರುದಿನದವರೆಗೆ ಇದ್ದರು. ತನ್ನ ಕಣ್ಣೀರಿನಿಂದ ಮಗ ಉಪವಾಸ ಬಿದ್ದ ಎಂದು ಅವ್ವನೂ ನೀರು ಮುಟ್ಟಲಿಲ್ಲ.

ಊರಿಗೆ ಬಂದ ಮೇಲೆ ಅವಳು ಅಳದೆ ಇರುವುದನ್ನು ಕಲಿಯಲು ಕುಳಿತಳು. ಇದನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ. ನಿಜವಾಗಿ ಕಲಿತಳು, ನೀವು ಪಾಠ ಕಲಿಸುವ ಹಾಗೆ, ದಿನಾ. ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿ ಅಂಗೈ ಜೋಡಿಸು ಅನ್ನುತ್ತಿದ್ದಳು. ನಾನು ಮಹಾರಾಜರ ಜಾಗದಲ್ಲಿ ನಿಲ್ಲುತ್ತಿದ್ದೆ. ಅವಳು ಹಾಲು ಅನ್ನ ಕಲಸಿ ತುತ್ತು ಇಡುತ್ತಿದ್ದಳು.

“ನಗಬ್ಯಾಡ ಬೇ. ಮಹಾರಾಜ್ರು ನಗ್ತಾರೇನು?”

“ಹಾಲು ಸೋರಾಕತ್ತೈತಿ ಅವ್ವಾ.”

“ಸೋರಲಿ. ಬಟ್ಟು ಕೂಡಸು.”

ಕೊನೆಗೆ ಅವಳಿಗೆ ಒಂದು ಉಪಾಯ ಹೊಳೆಯಿತು. ಮುಖ ನೋಡಬಾರದು. ಕೈ ಮಾತ್ರ ನೋಡಬೇಕು. ನನಗೆ ಅದನ್ನು ಹೇಳಿದ್ದು ಹೀಗೆ: “ಮುಖಾ ನೋಡಿದ್ರ ಮಗಾ. ಕೈ ನೋಡಿದ್ರ ಮಹಾರಾಜ್ರು.” ಅಲ್ಲಿಂದ ಕಳೆದ ವರ್ಷದವರೆಗೆ ಪ್ರತಿ ಚಾತುರ್ಮಾಸದಲ್ಲೂ ಅವರು ಎಲ್ಲಿದ್ದರೂ ಅಲ್ಲಿ ಹೋಗಿ ಅವ್ವ ಆಹಾರ ಕೊಟ್ಟಿದ್ದಾಳೆ. ಒಮ್ಮೆಯೂ ತಲೆ ಎತ್ತಿಲ್ಲ. ಒಮ್ಮೆಯೂ ಅಂತರಾಯ ಆಗಿಲ್ಲ. ಅಷ್ಟು ವರ್ಷ ಮಗನ ಎದುರು ನಿಂತು ಮಗನ ಮುಖ ನೋಡಿಲ್ಲ. ಮನೆಯಲ್ಲಿದ್ದ ಅವನ ಹಳೆಯ ಫೋಟೋಗಳನ್ನು ತಾನೇ ತೆಗೆದು ಮನಿಷಾಳ ತಾಯಿಗೆ ಕೊಟ್ಟಳು, ನಿಪ್ಪಾಣಿಯಲ್ಲೇ ಇರಲಿ ಎಂದು. ವರ್ಷಕ್ಕೊಮ್ಮೆ ಒಂದು ಜೊತೆ ಅಂಗೈಗೆ ಅನ್ನ ಇಟ್ಟು ಬರುವುದು, ಅದರ ಮೇಲೆ ಉಳಿದ ವರ್ಷ ಬದುಕುವುದು. ಇದು ಅವಳು ಕಟ್ಟಿಕೊಂಡ ಬದುಕು. ದೊಡ್ಡದೇನಲ್ಲ. ಆದರೆ ಅವಳ ಹತ್ತಿರ ಬೇರೆ ಏನೂ ಇರಲಿಲ್ಲ.

ಈ ವರ್ಷ ಮಹಾರಾಜರ ಚಾತುರ್ಮಾಸ ಅಥಣಿಯಲ್ಲಿ. ಇಷ್ಟು ಹತ್ತಿರ ಅವರು ಹಿಂದೆಂದೂ ಬಂದಿರಲಿಲ್ಲ. ಶಿರಗುಪ್ಪಿಯಿಂದ ಹೋಗುವ ಬಸ್ಸು ಕಾಗವಾಡ ಸರ್ಕಲ್ಲಿನಲ್ಲಿ ಜನ ತುಂಬಿಸಿಕೊಳ್ಳಲು ನಿಲ್ಲುತ್ತದೆ. ಸರಿಯಾಗಿ ನಿಮ್ಮ ಫ್ಲೆಕ್ಸಿನ ಕೆಳಗೆ. ಕಿಟಕಿಯ ಎತ್ತರಕ್ಕೇ ಅಣ್ಣನ ಮುಖ. ಮೊದಲ ದಿನ ಅವ್ವ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಎರಡನೆಯ ಸಲ ಆಚೆಯ ಸೀಟಿನಲ್ಲಿ ಕುಳಿತಳು. ಮೂರನೆಯ ಸಲ ಮುಚ್ಚಿಕೊಳ್ಳಲಿಲ್ಲ. ಬಸ್ಸು ಹೊರಟ ಮೇಲೂ ಕುತ್ತಿಗೆ ತಿರುಗಿಸಿ ನೋಡಿದಳು. ಆಗಲೇ ನನಗೆ ಹೆದರಿಕೆಯಾಯಿತು.

ಆಗಸ್ಟ್ ಮೊದಲ ವಾರ ನಾನು ನಿಮ್ಮ ಹಳೆಯ ವಿದ್ಯಾರ್ಥಿ ಕೋಶಕ್ಕೆ ಬರೆದೆ. ಉತ್ತರ ಬಂತು, ಅದಕ್ಕಾಗಿ ಕೃತಜ್ಞಳು. ಅದರಲ್ಲಿ ಬರೆದದ್ದು ಇಷ್ಟು: ಸದರಿ ಗಣ್ಯರ ವಿವರಗಳನ್ನು ಮೌಲ್ಯಮಾಪನ ಸಮಿತಿಗೆ ಈಗಾಗಲೇ ಸಲ್ಲಿಸಿರುವುದರಿಂದ ಮಾರ್ಪಾಡಿಗೆ ಅವಕಾಶವಿಲ್ಲ. ಆದರೂ ಸದರಿ ಹಳೆಯ ವಿದ್ಯಾರ್ಥಿಯು ಸ್ವತಃ ತಮ್ಮ ಪದವಿ ಪ್ರಮಾಣಪತ್ರದಲ್ಲಿರುವ ಹೆಸರಿನಲ್ಲಿ ಸಹಿ ಮಾಡಿ, ಗುರುತಿನ ಚೀಟಿಯ ಪ್ರತಿಯೊಂದಿಗೆ ಅರ್ಜಿ ಸಲ್ಲಿಸಿದಲ್ಲಿ ಪರಿಶೀಲಿಸಲಾಗುವುದು. ಅಂದರೆ, ಆ ಹೆಸರು ತನ್ನದಲ್ಲ ಎಂದು ಹೇಳಲು ಅವರು ಮೊದಲು ಆ ಹೆಸರಿನಲ್ಲಿ ಸಹಿ ಮಾಡಬೇಕು. ಫೋನು ಮಾಡಿ ಕೇಳಿದೆ. ಫೋನಿನಲ್ಲಿದ್ದವರು ಸಮಾಧಾನದ ಮನುಷ್ಯ. “ಮೇಡಂ, ನಮ್ಮ ಸಾಫ್ಟ್‌ವೇರ್‌ನಾಗ ಎರಡ ಕಾಲಂ ಅದಾವ್ರಿ, ಜೀವಂತ, ಇಲ್ಲಾ ದಿವಂಗತ. ನೀವು ಯಾವುದು ಅಂತೀರಿ?” ಅಂದರು.

ಮಹಾರಾಜರನ್ನೂ ಕೇಳಿದೆ, ನ್ಯಾಯವಾಗಿ ಅದನ್ನೂ ಹೇಳಬೇಕು. ಪ್ರವಚನ ಮುಗಿದ ಮೇಲೆ ಬೇರೆ ಹೆಂಗಸರ ಜೊತೆ ದೂರದಲ್ಲೇ ಕುಳಿತು, ಊರಲ್ಲೆಲ್ಲ ಹೀಗೆ ಫೋಟೋ ಹಾಕಿದ್ದಾರೆ, ಏನು ಮಾಡುವುದು ಎಂದೆ. ಅವರು ನನಗೂ ಎಲ್ಲರಿಗೂ ಅನ್ನುವ ಹಾಗೆ ‘ರಿ’ ಹಚ್ಚಿಯೇ ಮಾತಾಡುತ್ತಾರೆ. “ಇರಲಿ ಬಿಡ್ರಿ. ಕಟ್ಟಿದವರು ಬಿಚ್ಚತಾರ, ಇಲ್ಲಾ ಗಾಳಿ ಬಿಚ್ಚತೈತಿ” ಅಂದರು. ಸಿಟ್ಟಿಲ್ಲ, ಬೇಸರವಿಲ್ಲ. ಆ ಹುಡುಗ ಯಾರೋ ದೂರದ ಊರಿನವನೆಂಬಂತೆ. ಹಾಗಾದರೆ ಅವರಿಗೇ ಆಕ್ಷೇಪವಿಲ್ಲವಲ್ಲ ಎಂದು ನಿಮ್ಮ ಕಾನೂನು ಕೋಶದವರು ಈ ಸಾಲಿನ ಕೆಳಗೆ ಗೆರೆ ಎಳೆದುಕೊಳ್ಳಲಿ. ಅವರಿಗೆ ಆಕ್ಷೇಪವಿಲ್ಲ. ಅವರು ದಾಟಿ ಹೋಗಿದ್ದಾರೆ. ಈ ದಡದಲ್ಲಿ ನಿಂತವಳು ಇನ್ನೊಬ್ಬಳಿದ್ದಾಳೆ, ಅವಳಿಗೆ ಯಾವ ಸ್ವಾಮಿಗಳೂ ಹೊಸ ಹೆಸರು ಕೊಟ್ಟಿಲ್ಲ.

ಕ್ಷಮಾವಳಿಗೆ ಮುಂಚಿನ ಹತ್ತು ದಿನಗಳ ದಶಲಕ್ಷಣ ಪರ್ವದಲ್ಲಿ ಆದದ್ದನ್ನು ಈಗ ಬರೆಯುತ್ತೇನೆ. ಆ ದಿನಗಳಲ್ಲಿ ಮಹಾರಾಜರು ಒಂದು ದಿನ ಬಿಟ್ಟು ಒಂದು ದಿನ ಆಹಾರ ತೆಗೆದುಕೊಳ್ಳುತ್ತಿದ್ದರು. ಹಿಂದಿನ ದಿನ ಉಪವಾಸ. ಅಂದು ಅಥಣಿಯಲ್ಲಿ ಅವ್ವನ ಚೌಕಕ್ಕೆ ಬಂದರು. ಅದೇ ಹೊತ್ತಿಗೆ ನಿಮ್ಮ ಹಳೆಯ ವಿದ್ಯಾರ್ಥಿ ಕೋಶದ ಸಂಯೋಜಕರು ಬಂದರು, ಜೊತೆಗೆ ಕಾಗವಾಡದಲ್ಲಿ ಮದುವೆ ಫೋಟೋ ತೆಗೆಯುವ ಲಖನ. ಸ್ಮರಣ ಸಂಚಿಕೆಗೆ ‘ತಾಯಿ ಮತ್ತು ಮಗ’ ಎಂಬ ಒಂದು ಚಿತ್ರ ಬೇಕಿತ್ತಂತೆ. ಒಳಗೆ ಬಿಟ್ಟವನು ಧರಣೇಂದ್ರ ಕಾಕಾ. ದೊಡ್ಡ ಜನ ಬಂದಿದ್ದಾರೆ, ಮನೆತನಕ್ಕೆ ಮಾನ ಎಂದುಕೊಂಡ. ಸಂಯೋಜಕರು ಬೂಟು ಹೊರಗೆ ಬಿಟ್ಟು, ಕೈಕಾಲು ತೊಳೆದು, ಗೋಡೆಗೆ ಒತ್ತಿ ವಿನಯದಿಂದಲೇ ನಿಂತರು. ಅವರನ್ನು ದುಷ್ಟರೆಂದು ಹೇಳಲು ನನಗೆ ಸಾಧ್ಯವಿಲ್ಲ. ಸಾಧ್ಯವಿದ್ದಿದ್ದರೆ ಈ ಪತ್ರ ಬರೆಯುವುದು ಸುಲಭವಾಗುತ್ತಿತ್ತು.

ಅವ್ವ ಎರಡು ತುತ್ತು ಇಟ್ಟಿದ್ದಳು, ತಲೆ ಬಗ್ಗಿಸಿ, ಕೈಯನ್ನೇ ನೋಡುತ್ತಾ.

ಲಖನ ಮೆಲ್ಲಗೆ ಅಂದ, “ಅವ್ವಾರ, ತಲಿ ಎತ್ತರಿ. ಮುಖಾ ಕಾಣವಲ್ದು.”

ಅವಳು ಎತ್ತಲಿಲ್ಲ. ಮೂರನೆಯ ತುತ್ತು ಕೈಯಲ್ಲಿತ್ತು.

“ಕೈ ನೋಡಬ್ಯಾಡ್ರಿ ಅವ್ವಾರ” ಅಂದರು ನಿಮ್ಮ ಸಂಯೋಜಕರು, ಬಹಳ ಪ್ರೀತಿಯಿಂದ. “ಮಗನ ಮುಖಾ ನೋಡ್ರಿ. ಒಂದ ಸಲ. ಪುಸ್ತಕಕ್ಕ ಹಾಕೂದೈತಿ.”

ಕ್ಯಾಮೆರಾದವರು ಇತ್ತ ನೋಡಿ ಅಂದರೆ ನಾವೆಲ್ಲ ಇತ್ತ ನೋಡುತ್ತೇವೆ. ಮದುವೆಯಲ್ಲಿ ನೋಡುತ್ತೇವೆ, ಆಧಾರ್ ಕಾರ್ಡಿಗೆ ನೋಡುತ್ತೇವೆ. ಅವ್ವನೂ ನೋಡಿದಳು. ಇಷ್ಟು ವರ್ಷ ನೋಡದೆ ಬಿಟ್ಟಿದ್ದ ಮುಖ. ಗಡ್ಡ ಅರ್ಧ ಬೆಳ್ಳಗಾಗಿದೆ, ಕೆನ್ನೆ ಒಳಗೆ ಹೋಗಿದೆ. ಅಂದು ಬೆಳಿಗ್ಗೆಯಷ್ಟೇ ಕಾಗವಾಡ ಸರ್ಕಲ್ಲಿನಲ್ಲಿ ಅದೇ ಮುಖವನ್ನು ತುಂಬಿದ ಕೆನ್ನೆಯಲ್ಲಿ, ನಗುವಿನಲ್ಲಿ ನೋಡಿ ಬಂದಿದ್ದಳು. ನೀವು ಎರಡು ಮುಖಗಳನ್ನೂ ಅವಳ ಎದುರು ಒಂದೇ ದಿನ ಇಟ್ಟಿರಿ. ಅವಳ ಕಣ್ಣೀರು ಇಳಿಯಿತು, ಅಷ್ಟೇ.

ಮಹಾರಾಜರು ಅಂಗೈ ಬಿಟ್ಟರು. ಹಾಲು ಅನ್ನ ಕೆಳಗಿಟ್ಟ ಪಾತ್ರೆಗೆ ಬಿತ್ತು. ಎರಡು ದಿನದ ಮೇಲೆ ಎರಡು ತುತ್ತು. ಇನ್ನೂ ನೀರು ಕೊಟ್ಟಿರಲಿಲ್ಲ.

“ಏನಾತ್ರಿ? ಊಟ ಸೇರಲಿಲ್ಲೇನು?” ಅಂದರು ಸಂಯೋಜಕರು. ಧರಣೇಂದ್ರ ಕಾಕಾ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಲಖನ ತನ್ನ ಕ್ಯಾಮೆರಾದ ಹಿಂದಿನ ಪರದೆ ನೋಡಿ ಹೇಳಿದ, “ಸರ್, ಫೋಟೋ ಭಾಳ ಛಲೋ ಬಂದೈತ್ರಿ.”

ಆ ಫೋಟೋ ನನ್ನ ವಾಟ್ಸ್ಯಾಪಿಗೆ ಸಂಜೆಗೇ ಬಂತು, ಜೋಡಿಸಿದ ಕೈಗಳ ಗುರುತಿನೊಂದಿಗೆ. ನಾನು ಅದನ್ನು ತೆರೆದಿಲ್ಲ. ಮುಂದಿನ ಆಹಾರದವರೆಗೆ ಅವ್ವ ನೀರು ಕುಡಿಯಲಿಲ್ಲ. ಈಗ ಅವಳ ವಯಸ್ಸು ಅದನ್ನು ತಡೆಯುವ ವಯಸ್ಸಲ್ಲ. ಮಾರನೆಯ ದಿನ ಮತ್ತೆ ಅವರ ಉಪವಾಸದ ಸರದಿ; ಅದರ ಮರುದಿನ ಮಹಾರಾಜರ ಆಹಾರ ಬೇರೆಯವರ ಚೌಕದಲ್ಲಿ ನಿರ್ವಿಘ್ನವಾಗಿ ಆಯಿತೆಂದು ಸುದ್ದಿ ಬಂದ ಮೇಲೆ ಒಂದು ಲೋಟ ಕುಡಿದು ಮಲಗಿದಳು. ಜ್ವರ ಬಂತು. ಜ್ವರದಲ್ಲಿ ಅವಳು ಆಡಿದ್ದು ಒಂದೇ ಮಾತು, “ಮುಖಾ ನೋಡಿದೆ.” ಅದು ತಪ್ಪೊಪ್ಪಿಗೆಯೋ ಸಂತೋಷವೋ ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಕ್ಷಮಾವಳಿಯ ದಿನ ನಾವು ಎಲ್ಲರಲ್ಲೂ ಕ್ಷಮೆ ಕೇಳುತ್ತೇವೆ, ಎಲ್ಲರನ್ನೂ ಕ್ಷಮಿಸಿದೆವೆಂದು ಹೇಳುತ್ತೇವೆ. ನಾನೂ ಹೇಳಿದ್ದೇನೆ. ನಿಮ್ಮ ಸಂಯೋಜಕರಿಗೂ ಸಂದೇಶ ಕಳಿಸಿದ್ದೇನೆ. ಆದ್ದರಿಂದ ಇದನ್ನು ಕೋಪದ ಪತ್ರವೆಂದು ತಿಳಿಯಬೇಡಿ. ಕೋಪವನ್ನು ನಿಯಮದ ಪ್ರಕಾರ ಬಿಟ್ಟಾಯಿತು. ಆದರೆ ಫ್ಲೆಕ್ಸ್ ಇನ್ನೂ ಅಲ್ಲೇ ಇದೆ. ಕ್ಷಮಿಸಿದ ಮೇಲೂ ಅದು ಅಲ್ಲೇ ಇರುತ್ತದೆ ಅನ್ನುವುದನ್ನು ಯಾವ ಧರ್ಮಗ್ರಂಥವೂ ನನಗೆ ಮೊದಲೇ ಹೇಳಿಕೊಟ್ಟಿರ­ಲಿಲ್ಲ. ಒಂದು ವಿಶ್ವವಿದ್ಯಾಲಯಕ್ಕೆ ತನ್ನ ಮಕ್ಕಳ ಮೇಲೆ ಎಲ್ಲಿಯವರೆಗೆ ಹಕ್ಕಿದೆ? ಓದುವಾಗ ಹಾಸ್ಟೆಲಿನ ನಲ್ಲಿಯಲ್ಲಿ ನೀರು ಬರುತ್ತದೋ ಇಲ್ಲವೋ ಎಂದು ಕೇಳದವರು, ವೇದಿಕೆಗೆ ಕರೆಯದವರು, ಒಬ್ಬ ಮನುಷ್ಯ ಲೋಕದ ಎಲ್ಲ ಕಡತಗಳಿಂದ ಹೊರಗೆ ನಡೆದುಹೋದ ಮೇಲೆ ಓಡಿಹೋಗಿ ಅವನ ಹೆಗಲ ಮೇಲೆ ಕೈ ಹಾಕುವುದನ್ನು ಏನೆನ್ನಬೇಕು? ನಿಮ್ಮಿಂದ ಪದವಿ ಪಡೆದು ಕೆಲಸ ಸಿಗದೆ ಇರುವವರನ್ನೆಲ್ಲ ಹುಡುಕಿಕೊಂಡು ನೀವು ಹೀಗೆ ಮನೆ ಮನೆಗೆ ಬಂದಿದ್ದೀರಾ? ಬರುವುದಿಲ್ಲ. ಬಂದರೆ ಅವರು ಏನಾದರೂ ಕೇಳಿಯಾರು. ಮುನಿಗಳು ಏನೂ ಕೇಳುವುದಿಲ್ಲ. ನಿಮಗೆ ಇಂಥ ಗಣ್ಯರೇ ಅನುಕೂಲ.

ಈಗ ನಿನ್ನೆಯ ಸಂಗತಿ. ಸಂಯೋಜಕರು ಮನೆಗೆ ಬಂದರು. ಕ್ಷಮೆ ಕೇಳಿದರು, ಅಂತರಾಯ ಅಂದರೇನೆಂದು ಆಮೇಲೆ ಯಾರೋ ಅವರಿಗೆ ಹೇಳಿದ್ದರಂತೆ. ಅವರ ಕಣ್ಣೂ ಒದ್ದೆಯಾಗಿತ್ತು. ಆದರೆ ಬ್ಯಾಗಿನಿಂದ ತೆಗೆದದ್ದು ಆಮಂತ್ರಣ. ಅಕ್ಟೋಬರ್ ಹನ್ನೊಂದರಂದು ಹಳೆಯ ವಿದ್ಯಾರ್ಥಿಗಳ ಮಹಾಮೇಳ. ಮಹಾರಾಜರು ಬರುವುದಿಲ್ಲವೆಂದು ಗೊತ್ತು. ಆದ್ದರಿಂದ ‘ಹೆತ್ತವರಿಗೆ ವಂದನೆ’ ಎಂಬ ಭಾಗದಲ್ಲಿ ತಾಯಿ ಬಂದು ಮಗನ ಬಗ್ಗೆ ಎರಡು ಮಾತಾಡಬೇಕು. ನಾನು ಬಾಗಿಲಲ್ಲೇ ಇಲ್ಲ ಅಂದೆ. ಅವಳಿಗೆ ಆರಾಮಿಲ್ಲ, ಅವಳು ಎಲ್ಲಿಗೂ ಬರುವುದಿಲ್ಲ, ಮೊದಲು ಫ್ಲೆಕ್ಸ್ ತೆಗೆಸಿ ಅಂದೆ. ಒಳಗಿನಿಂದ ಅವ್ವ ಎದ್ದು ಕಂಬ ಹಿಡಿದು ಬಂದಳು.

“ಅಲ್ಲಿ ಯಾರರ ಊಟಕ್ಕ ನಿಂತಿರ್ತಾರೇನ್ರಿ?” ಎಂದು ಅವರನ್ನು ಕೇಳಿದಳು.

ಅವರಿಗೆ ಅರ್ಥವಾಗಲಿಲ್ಲ. “ಇಲ್ರಿ ಅವ್ವಾರ. ಊಟ ಎಲ್ಲಾ ಕಾರ್ಯಕ್ರಮ ಮುಗಿದ ಮ್ಯಾಲ.”

“ಅಲ್ಲಿ ಅತ್ರ ನಡೀತೈತೇನು?”

“ನಡೀತೈತ್ರಿ! ಯಾಕ ನಡಿಯಂಗಿಲ್ಲ?” ಅಂದರು ಅವರು, ಹಗುರಾಗಿ. “ತಾಯಂದ್ರು ಕಣ್ಣೀರು ಹಾಕಿದ್ರ ಕಾರ್ಯಕ್ರಮಕ್ಕ ಕಳೆ ಬರ್ತೈತ್ರಿ.”

“ಮಗಾ ಅಂತ ಅನ್ನಬಹುದೇನು?”

“ಮಗನ್ನ ಮಗಾ ಅನ್ನದ ಮತ್ತೇನ ಅಂತೀರಿ ಅವ್ವಾರ!”

“ಬರ್ತೇನ್ರಿ” ಅಂದಳು ಅವ್ವ. ಅವರು ಹೋದ ಮೇಲೆ ನಾನು ಜಗಳವಾಡಿದೆ. ಇಷ್ಟು ವರ್ಷದ್ದನ್ನೆಲ್ಲ ಅವರ ಕೈಗೆ ಕೊಡುತ್ತೀಯಾ, ನಿನಗೆ ಬುದ್ಧಿ ಇದೆಯಾ ಎಂದೆ. ಅವಳು ಸಿಟ್ಟು ಮಾಡಲಿಲ್ಲ. “ಸನ್ಮತಿ, ಅಥಣಿಗೆ ಇನ್ನ ಹೋಗಾಂಗಿಲ್ಲ ನಾ. ಮುಖಾ ನೋಡಿದ ಮ್ಯಾಲ ಇನ್ನ ಕೈ ನೋಡಾಕ ಆಗೂದಿಲ್ಲ. ನಾ ಹ್ವಾದ್ರ ಅವ್ರು ಉಪಾಸ ಬೀಳ್ತಾರ. ಅಲ್ಲಿ ಹ್ವಾದ್ರ, ನಾ ಅತ್ರ ಯಾರ ಊಟಾನೂ ತಪ್ಪೂದಿಲ್ಲ ಬೇ” ಅಂದಳು.

ಮಾನ್ಯ ಕುಲಪತಿಗಳೇ, ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ಬರೆಯಿರಿ.

ನನ್ನ ಬೇಡಿಕೆ ಮೊದಲಿನದೇ: ಐದೂ ಊರುಗಳಿಂದ ಆ ಮುಖವನ್ನು ಇಳಿಸಿ, ನಿಮ್ಮ ಜಾಲತಾಣದಿಂದ ಹೆಸರನ್ನು ತೆಗೆಯಿರಿ, ಲಖನ ತೆಗೆದ ಚಿತ್ರ ಎಲ್ಲೂ ಅಚ್ಚಾಗದ ಹಾಗೆ ನೋಡಿಕೊಳ್ಳಿ. ನೀವು ಇದನ್ನು ಮಾಡುತ್ತೀರೆಂದು ನಾನು ನಂಬಿಲ್ಲ. ಸಂಚಿಕೆ ಬಹುಶಃ ಅಚ್ಚಿಗೆ ಹೋಗಿರುತ್ತದೆ. ಪತ್ರಿಕೆಗೂ ಕಳಿಸುತ್ತಿರುವ ಈ ಪತ್ರ ಅಲ್ಲಿ ಬಂದರೂ ಅರ್ಧ ಕತ್ತರಿಸಿ ಬರುತ್ತದೆ. ಆದ್ದರಿಂದ ಆಗಬಹುದಾದ ಒಂದನ್ನು ಕೇಳುತ್ತೇನೆ. ಅವಳು ಮೈಕಿನ ಮುಂದೆ ನಿಂತಾಗ ಸಮಯವಾಯಿತೆಂದು ಚೀಟಿ ಕಳಿಸಬೇಡಿ. ಶಾಲು ಹಿಡಿದುಕೊಂಡು ಹಿಂದೆ ಸಾಲಾಗಿ ನಿಲ್ಲಬೇಡಿ. ಚಪ್ಪಾಳೆ ಬೇಡ.

ಅವ್ವ ಅಥಣಿಯ ಚೌಕದ ಪಾತ್ರೆಗಳನ್ನು ಧರಣೇಂದ್ರ ಕಾಕಾನ ಕಡೆಯಿಂದ ತರಿಸಲು ಹೇಳಿದ್ದಾಳೆ. ಅವನು ಇನ್ನೂ ಹೋಗಿಲ್ಲ. ಅಕ್ಟೋಬರ್ ಹನ್ನೊಂದಕ್ಕೆ ಅವಳು ನಿಮ್ಮಲ್ಲಿಗೆ ಬರುವುದು ನಿಶ್ಚಯವಾಗಿದೆ. ನಾನು ಕರೆದುಕೊಂಡು ಬರುವುದಿಲ್ಲವೆಂದು ಅವಳಿಗೆ ನಿನ್ನೆ ಹೇಳಿದ್ದೆ. ಇಂದು ಬೆಳಿಗ್ಗೆ, ಬರುತ್ತೇನೆ ಎಂದಿದ್ದೇನೆ.

ಇಂತಿ,
ಕ್ಷಮಿಸಿಯೂ ಬರೆದ,
ಯಾವ ಕ್ಷೇತ್ರದಲ್ಲೂ ಗಣ್ಯಳಲ್ಲದ ನಿಮ್ಮ ಇನ್ನೊಬ್ಬ ಹಳೆಯ ವಿದ್ಯಾರ್ಥಿನಿ
ಸನ್ಮತಿ, ಶಿರಗುಪ್ಪಿ